ವೃದ್ಧಾಶ್ರಮದ ದಿನಚರಿಯೂ ವೃದ್ಧರ ರೂಢಿಯೂ: ಒಂದು ವಿಚಾರ

ವೇಳಾಪಟ್ಟಿಯಿಲ್ಲದೆ ಶಾಲೆ ನಡೆಯದು, ಗಂಟೆಯಿಲ್ಲದೆ ವಿದ್ಯಾರ್ಥಿನಿಲಯ ನಡೆಯದು ಎಂಬುದು ಈ ಸಂಚಿಕೆಯ ವಾಚಕರಿಗೆ ಹೊಸದಾಗಿ ಹೇಳತಕ್ಕ ಮಾತಲ್ಲ. ಮಠದ ಆಶ್ರಯದಲ್ಲಿ ಉಂಡು ಓದಿದವರಿಗೆ ಬೆಳಗಿನ ಜಾವದ ಆ ಗಂಟೆಯ ನಾದ ಇಂದಿಗೂ ನೆನಪಿರಬಹುದು. ಒಂದೇ ಹೊತ್ತಿಗೆ ಏಳುವುದು, ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು, ಒಂದೇ ಹೊತ್ತಿಗೆ ದೀಪವಾರಿಸಿ ಮಲಗುವುದು, ಇವುಗಳಿಂದ ಬಾಲಕರಿಗೆ ಹಿತವೇ ಆಗುತ್ತದೆ. ರೂಢಿಗಳು ಇನ್ನೂ ಮೂಡದಿರುವ ವಯಸ್ಸಿನಲ್ಲಿ ಅವುಗಳನ್ನು ಮೂಡಿಸುವುದಕ್ಕೆ ಗಂಟೆ ಒಳ್ಳೆಯ ಉಪಕರಣ. ಅಲ್ಲದೆ ಬಾಲಕನ ವಾಸ ಕೆಲವು ವರ್ಷಗಳದು. ಬೇಸಿಗೆಯ ರಜೆಯಲ್ಲಾದರೂ ಅವನು ಊರಿಗೆ ಹೋಗಿ ಬಿಸಿಲೇರುವವರೆಗೆ ಮಲಗಬಹುದು. ಅದೇ ಗಂಟೆಯನ್ನು ವೃದ್ಧಾಶ್ರಮದ ಪಡಸಾಲೆಯಲ್ಲಿ ತೂಗುಹಾಕಿದಾಗ ಸಂಗತಿ ಬೇರೆಯಾಗುತ್ತದೆ. ಅಲ್ಲಿರುವವರು ಎಪ್ಪತ್ತು ಎಂಬತ್ತು ವರ್ಷ ತಮ್ಮದೇ ಆದ ರೂಢಿಯಲ್ಲಿ ಬಾಳಿ ಬಂದವರು, ಅವರಿಗೆ ರಜೆಯೆಂಬುದಿಲ್ಲ. ಅವರ ದಿನವನ್ನು ಅವರ ರೂಢಿಗೆ ಹೊಂದಿಸುವುದು ಎಷ್ಟರಮಟ್ಟಿಗೆ ಸಾಧ್ಯ, ಅದಕ್ಕೆ ಅಡ್ಡಿಯಾಗಿರುವುದೇನು ಎಂಬುದನ್ನು ಮಂಗಳೂರು ನಗರದ ಪರಿಸ್ಥಿತಿಯನ್ನು ಮುಂದಿಟ್ಟುಕೊಂಡು ಪರಾಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದಿಕ್ಕಿಲ್ಲದ ವೃದ್ಧರಿಗೆ ಆಶ್ರಯ ಕೊಡುವ ಪದ್ಧತಿ ಈ ಊರಿಗೆ ಹೊಸದಲ್ಲ. ಜೆಪ್ಪುವಿನ ಸಂತ ಅಂತೋನಿ ಆಶ್ರಮ 1898ರಷ್ಟು ಹಿಂದಿನದು. ಆ ಕಾಲದಲ್ಲಿ ಇಂತಹ ಮನೆಗಳನ್ನು ಸೇರುತ್ತಿದ್ದವರು ಬಹುಮಟ್ಟಿಗೆ ಮನೆಮಠವಿಲ್ಲದವರು. ಇಂದು ಮನೆ ಇದ್ದೂ, ಮಕ್ಕಳಿದ್ದೂ ಬರುವವರ ಸಂಖ್ಯೆ ಬೆಳೆಯುತ್ತಿದೆ. ಮಕ್ಕಳು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಕೊಲ್ಲಿಯ ದೇಶಗಳಲ್ಲೋ ನೆಲೆಸಿದ್ದಾರೆ. ಹಂಚಿನ ಮನೆಯಲ್ಲಿ ಒಬ್ಬರೇ ಉಳಿದ ತಾಯಿ ಒಂದು ಮಳೆಗಾಲದಲ್ಲಿ ಅಂಗಳದ ಪಾಚಿಯಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಳ್ಳುತ್ತಾರೆ. ಮುಂದಿನ ಕಥೆ ಎಲ್ಲರಿಗೂ ತಿಳಿದದ್ದೇ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಮಿಕ್ಕಿದ್ದರು.

ಮಂಗಳೂರಿನ ವೃದ್ಧಾಶ್ರಮವೊಂದರ ಪಡಸಾಲೆಯಲ್ಲಿ ಕುಳಿತವರನ್ನು ಒಮ್ಮೆ ಮಾತನಾಡಿಸಿ ನೋಡಬೇಕು. ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಮೂವತ್ತು ವರ್ಷ ಬೀಡಿ ಕಟ್ಟಿದ ಹೆಂಗಸರು, ಬಂದರಿನಲ್ಲಿ ದೋಣಿಯಿಂದ ಮೀನು ಇಳಿಸಿದವರು, ಬ್ಯಾಂಕಿನ ಗುಮಾಸ್ತರು, ಉಪಾಧ್ಯಾಯರು ಒಂದೇ ಸೂರಿನಡಿ ಇರುತ್ತಾರೆ. ಮನೆಮಾತು ಒಬ್ಬರದು ತುಳು, ಒಬ್ಬರದು ಕೊಂಕಣಿ, ಒಬ್ಬರದು ಬ್ಯಾರಿ, ಒಬ್ಬರದು ಮಲಯಾಳ, ಒಬ್ಬರದು ಘಟ್ಟದ ಮೇಲಿನ ಕನ್ನಡ. ಇವರೆಲ್ಲರ ದಿನಚರಿ ಮಾತ್ರ ಒಂದೇ. ನಸುಕಿನ ನಾಲ್ಕೂವರೆಗೋ ಐದಕ್ಕೋ ದೀಪ ಹಾಕಿ ಎಬ್ಬಿಸುವುದು, ಏಳರೊಳಗೆ ಸ್ನಾನ ಅಥವಾ ಮೈ ಒರೆಸುವುದು, ಏಳೂವರೆಗೆ ತಿಂಡಿ, ಹನ್ನೆರಡಕ್ಕೆ ಊಟ, ಏಳಕ್ಕೆ ರಾತ್ರಿಯ ಊಟ, ಎಂಟೂವರೆಗೆ ದೀಪವಾರಿಸುವುದು. ಇಷ್ಟು ಬೇಗ ಏಳಿಸುವುದೇಕೆಂದು ವಿಚಾರಿಸಿದರೆ ವೃದ್ಧರ ಆರೋಗ್ಯದ ಕಾರಣ ಬಹಳ ಕಡೆ ಹೊರಡುವುದಿಲ್ಲ. ರಾತ್ರಿ ಪಾಳಿಯವರು ಏಳು ಗಂಟೆಗೆ ಮನೆಗೆ ಹೋಗಬೇಕು. ಹೋಗುವ ಮೊದಲು ಇಷ್ಟು ಮಂದಿಯ ಸ್ನಾನ ಮುಗಿಸಿರಬೇಕೆಂದು ನಿಯಮವಿರುತ್ತದೆ. ಪಾಳಿಯ ಗಡಿಯಾರವೇ ವಾಸಿಗಳ ಗಡಿಯಾರವಾಗಿ ಪರಿಣಮಿಸಿದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಹದಿನೈದು ಮಂದಿಗೆ ಒಬ್ಬ ಪರಿಚಾರಿಕೆ ಇರುವಲ್ಲಿ ಆಕೆಯನ್ನು ದೂರುವುದು ಅನ್ಯಾಯವಾದೀತು.

ಈ ವಿಷಯದ ಕಡೆ ನನ್ನ ಗಮನ ತಿರುಗಿದ್ದು ಒಂದು ಸ್ವಂತ ಪ್ರಸಂಗದಿಂದ. ನಮ್ಮ ದೊಡ್ಡವ್ವ ಧಾರವಾಡ ಸೀಮೆಯವಳು. ಪಣಂಬೂರಿನ ಬಂದರಿನ ಕೆಲಸಕ್ಕೆ ಬಂದ ಗಂಡನೊಡನೆ ಮಂಗಳೂರಿಗೆ ಬಂದು, ಇಲ್ಲಿಯೇ ವಿಧವೆಯಾಗಿ, ಇಲ್ಲಿಯೇ ಮುಪ್ಪಾದವಳು. ಕಾಲಿನ ಮೂಳೆ ಮುರಿದ ಮೇಲೆ ನಗರದ ಒಂದು ವೃದ್ಧಾಶ್ರಮದಲ್ಲಿ ಆಕೆಯನ್ನು ಸೇರಿಸಿದೆವು. ಸ್ವಚ್ಛವಾದ ಮನೆ, ಕರುಣೆಯುಳ್ಳ ಜನ. ಮೂರು ವಾರಗಳ ಅನಂತರ ಹೋಗಿ ನೋಡಿದರೆ ಆಕೆ ಇಳಿದುಹೋಗಿದ್ದಳು. ದಾದಿಯವರು ದಾಖಲೆಯ ಪುಸ್ತಕ ತೆರೆದು ತೋರಿಸಿದರು. ದಿನದಿನವೂ ಬೆಳಗಿನ ಅಂಕಣದಲ್ಲಿ ಒಂದೇ ಮಾತು: ‘ತಿಂಡಿ ನಿರಾಕರಿಸಿದರು.’ ಹಸಿವು ಹುಟ್ಟಿಸುವ ಔಷಧವನ್ನೂ ಆರಂಭಿಸಿದ್ದರು. ನಾನು ಹಾಸಿಗೆಯ ಬಳಿ ಕುಳಿತು ಕೇಳಿದೆ:

“ಯಾಕ ದೊಡ್ಡವ್ವ, ಮುಂಜಾನೆ ನಾಷ್ಟಾ ಬ್ಯಾಡ ಅಂತೀಯಂತ?”

“ನಾ ಎಲ್ಲಿ ಬ್ಯಾಡ ಅಂದೆ? ಜಳಕ ಆಗಿರೂದಿಲ್ಲ, ಪೂಜಿ ಆಗಿರೂದಿಲ್ಲ. ಅದರ ಮೊದಲ ಹ್ಯಾಂಗ ತಿನ್ನಲಿ?”

“ಮತ್ತ ಅವರಿಗೆ ಹೇಳಬಾರದಾಗಿತ್ತೇನ?”

“ಪಾಪ, ಅವರಿಗೆ ಎಷ್ಟ ಮಂದೀದ ನೋಡೂದಿರತೈತಿ. ನಂದೊಂದು ಎಲ್ಲಿ ಹೇಳಲಿ?”

ನಡೆದದ್ದಿಷ್ಟೆ. ಕಾಲು ಮುರಿದವರಿಗೆ ಇಬ್ಬರು ಹಿಡಿದು ಸ್ನಾನ ಮಾಡಿಸಬೇಕಾದುದರಿಂದ ಆಕೆಯ ಸ್ನಾನ ಹಗಲು ಪಾಳಿಗೆ, ಹತ್ತು ಗಂಟೆಗೆ, ಬಿದ್ದಿತ್ತು. ತಿಂಡಿ ಏಳೂವರೆಗೆ ಬರುತ್ತಿತ್ತು. ಸ್ನಾನವಾಗಿ ಇಷ್ಟಲಿಂಗ ಪೂಜೆಯಾಗುವವರೆಗೆ ಬಾಯಿಗೆ ಏನನ್ನೂ ಹಾಕದ ರೂಢಿ ಆಕೆಯದು; ಎಂಬತ್ತು ವರ್ಷಗಳಲ್ಲಿ ಜ್ವರ ಬಂದಾಗಲೂ ಅದನ್ನು ಮುರಿದವಳಲ್ಲ. ಹತ್ತೂವರೆಗೆ ಪೂಜೆ ಮುಗಿಸುವ ವೇಳೆಗೆ ತಿಂಡಿಯ ತಟ್ಟೆ ಅಡುಗೆಮನೆಗೆ ಮರಳಿರುತ್ತಿತ್ತು. ಬಟ್ಟಲು ತಂದಿಡುತ್ತಿದ್ದ ತುಳು ಹೆಂಗಸು “ಅಜ್ಜಿ, ಬೇಡವಾ?” ಎಂದು ಪ್ರೀತಿಯಿಂದಲೇ ಕೇಳುತ್ತಿದ್ದಳು, ಅಜ್ಜಿ ಈಗ ಬೇಡವೆಂಬ ಅರ್ಥದಲ್ಲಿ ಕೈಯಾಡಿಸುತ್ತಿದ್ದಳು. ಪುಸ್ತಕಕ್ಕೆ ‘ನಿರಾಕರಿಸಿದರು’ ಎಂದು ಏರುತ್ತಿತ್ತು. (ಆಕೆಯ ಬೆಳ್ಳಿಯ ಕರಡಿಗೆಯನ್ನು ಒಡವೆಯೆಂದೆಣಿಸಿ ಕಚೇರಿಯ ಕಪಾಟಿನಲ್ಲಿಡಲು ಮೊದಲ ದಿನ ಹೊರಟಿದ್ದರಂತೆ, ಅಷ್ಟಕ್ಕೆ ಮಾತ್ರ ಆಕೆ ಒಪ್ಪಲಿಲ್ಲ.) ಸ್ನಾನವನ್ನು ಆರೂವರೆಗೆ ಹಾಕಿಕೊಟ್ಟರೆ ಸಾಕಿತ್ತು. ಪಾಳಿ ಬದಲಾಗುವ ಹೊತ್ತಿನಲ್ಲಿ ಇಬ್ಬರು ಒಟ್ಟಿಗೆ ಸಿಗುವುದರಿಂದ ಅದೂ ಕಷ್ಟವಾಗಲಿಲ್ಲ. ಮಾರನೆಯ ವಾರದಿಂದ ತಟ್ಟೆ ಖಾಲಿಯಾಗತೊಡಗಿತು, ಔಷಧ ನಿಂತಿತು.

ಈ ಸಣ್ಣ ಪ್ರಸಂಗದಲ್ಲಿ ಅಧ್ಯಯನಕ್ಕೆ ತಕ್ಕ ಎರಡು ಅಂಶಗಳಿವೆ. ಮೊದಲನೆಯದು, ರೂಢಿಯೆಂದರೆ ಬರಿಯ ಗಂಟೆ ನಿಮಿಷಗಳ ಲೆಕ್ಕವಲ್ಲ, ಅದರಲ್ಲಿ ಒಂದು ಕ್ರಮವಿದೆ ಎಂಬುದು. ಸ್ನಾನ, ಪೂಜೆ, ಅನ್ನ ಎಂಬ ಸರಪಳಿಯಲ್ಲಿ ಒಂದು ಕೊಂಡಿಯನ್ನು ಸರಿಸಿದರೆ ಉಳಿದವು ಕಳಚುತ್ತವೆ. ದೊಡ್ಡವ್ವನಿಗೆ ಸಕ್ಕರೆ ಕಾಯಿಲೆಯಿದ್ದು, ಏಳು ಗಂಟೆಗೆ ಇನ್ಸುಲಿನ್ ಚುಚ್ಚುವ ಪದ್ಧತಿಯಿದ್ದಿದ್ದರೆ, ಆ ಮೂರು ಗಂಟೆಗಳ ಉಪವಾಸ ಪ್ರಾಣಕ್ಕೇ ಬರುತ್ತಿತ್ತು. ಎರಡನೆಯದು, ಆಕೆ ಹೇಳಲಿಲ್ಲ ಎಂಬುದು. ಇದು ಮೊದಲನೆಯದಕ್ಕಿಂತ ಮುಖ್ಯ. ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡತಕ್ಕದ್ದು.

ಅನ್ಯರ ಮನೆಯಲ್ಲಿ ಉಣ್ಣುವವನು ಉಪ್ಪು ಕಡಮೆಯೆಂದು ಹೇಳುವುದಿಲ್ಲ. ಕನ್ನಡದಲ್ಲಿ ‘ಹಂಗು’ ಎಂಬ ಒಂದು ಮಾತಿದೆ. ಉಚಿತವಾಗಿ ಇರುವವರಿಗೆ ಸಂಸ್ಥೆಯ ಹಂಗು. ಹಣ ಕೊಟ್ಟಿರುವವರಿಗೆ, ಆ ಹಣ ಕೊಡುವ ಮಗನ ಹಂಗು. ಆದುದರಿಂದ ‘ನಿಮಗೆ ಏನು ಇಷ್ಟ? ಏನು ಬೇಕು?’ ಎಂದು ಪಟ್ಟಿ ಹಿಡಿದು ಕೇಳಿದರೆ ನಮ್ಮ ವೃದ್ಧರಿಂದ ಬರುವ ಉತ್ತರ ಒಂದೇ: ‘ಏನಾದರೂ ಆದೀತು, ನಿಮಗೆ ತೊಂದರೆ ಬೇಡ.’ ಈ ಉತ್ತರವನ್ನು ನಂಬಿ ಇವರಿಗೆ ವಿಶೇಷ ಅಭಿರುಚಿಗಳೇನೂ ಇಲ್ಲವೆಂದು ಬರೆದುಕೊಳ್ಳುವುದು ನಡೆದೇ ಇದೆ. ಅಮೆರಿಕದ ಸರಕಾರವು 2010ರಿಂದ ತನ್ನ ಮಾನ್ಯತೆ ಪಡೆದ ಶುಶ್ರೂಷಾಗೃಹಗಳಲ್ಲಿ ಪ್ರತಿಯೊಬ್ಬ ವಾಸಿಯನ್ನೂ ಕೇಳಬೇಕೆಂದು ಗೊತ್ತುಪಡಿಸಿದ ಪ್ರಶ್ನೆಗಳಿವೆ: ಯಾವ ಬಟ್ಟೆ ಉಡಬೇಕೆಂದು ತಾವೇ ಆರಿಸುವುದು, ಸ್ನಾನ ಯಾವ ಬಗೆಯದಾಗಿರಬೇಕು, ಮಲಗುವ ಹೊತ್ತು, ಊಟಗಳ ನಡುವೆ ಏನಾದರೂ ತಿನ್ನಲು ಸಿಗುವುದು, ಸ್ವಂತ ವಸ್ತುಗಳಿಗೆ ಬೀಗ, ಇವು ತಮಗೆ ಎಷ್ಟು ಮುಖ್ಯ ಎಂದು. ಪ್ರಶ್ನೆಗಳು ಸರಳ. ಆದರೆ ಉತ್ತರಗಳ ಪಟ್ಟಿಯಲ್ಲಿ ಒಂದು ವಿಚಿತ್ರವಾದ ಸಾಲನ್ನು ಸೇರಿಸಿದ್ದಾರೆ: ‘ಮುಖ್ಯವೇ, ಆದರೆ ಮಾಡಲಾಗದು ಅಥವಾ ಆಯ್ಕೆಯಿಲ್ಲ.’ ಆ ಸಾಲನ್ನು ಬರೆದವರು ವೃದ್ಧರ ಮನಸ್ಸನ್ನು ಬಲ್ಲವರು. ನಮ್ಮ ಆಶ್ರಮಗಳಲ್ಲಿ ಕೇಳಿದರೆ ಬಹುಪಾಲು ಉತ್ತರಗಳು ಆ ಸಾಲಿನಲ್ಲಿಯೇ ಬೀಳಬಹುದೆಂದು ನನಗೆ ತೋರುತ್ತದೆ.

ಹಾಗಾದರೆ ಕೇಳುವ ಬಗೆ ಯಾವುದು? ಇಷ್ಟವನ್ನು ಬಿಟ್ಟು ಹಿಂದಿನ ದಿನಗಳನ್ನು ಕೇಳಬೇಕು. ‘ಮನೆಯಲ್ಲಿದ್ದಾಗ ಎಷ್ಟು ಹೊತ್ತಿಗೆ ಏಳುತ್ತಿದ್ದಿರಿ? ಎದ್ದ ಕೂಡಲೆ ಮೊದಲು ಏನು ಮಾಡುತ್ತಿದ್ದಿರಿ? ಸ್ನಾನ ಬೆಳಗ್ಗೆಯೋ, ಕೆಲಸದಿಂದ ಬಂದ ಮೇಲೋ? ರಾತ್ರಿ ಊಟವಾದ ಮೇಲೆ ಯಾರೊಡನೆ ಕುಳಿತಿರುತ್ತಿದ್ದಿರಿ?’ ಹೀಗೆ ಕೇಳಿದರೆ ಯಾಚನೆಯ ಸಂಕೋಚವಿಲ್ಲದೆ ವೃದ್ಧರು ಮಾತನಾಡುತ್ತಾರೆ. ಕಥೆ ಹೇಳುವುದಕ್ಕೆ ಯಾರ ಹಂಗೂ ಬೇಕಿಲ್ಲ. ಆ ಕಥೆಯಿಂದ ಒಂದು ದಿನದ ಕ್ರಮವನ್ನು ಬರೆದುಕೊಳ್ಳುವುದು ಕೇಳುವವರ ಕೆಲಸ. ಸೇರಿದ ದಿನವೇ ಕೇಳಿ ಮುಗಿಸತಕ್ಕದ್ದಲ್ಲ. ಮೊದಲ ದಿನ ಯಾರೂ ನಿಜ ಹೇಳುವುದಿಲ್ಲ. ತಿಂಗಳಾದ ಮೇಲೆ ಮತ್ತೊಮ್ಮೆ, ಆದಷ್ಟು ಅವರ ಮನೆಮಾತಿನಲ್ಲಿ ಕೇಳಬೇಕು. ಮರೆವಿನ ಕಾಯಿಲೆ ಬಲಿತವರಲ್ಲಿ ಅನಂತರ ಕಲಿತ ಭಾಷೆ ಮೊದಲು ಜಾರಿ, ತಾಯ್ನುಡಿ ಕೊನೆಯವರೆಗೆ ಉಳಿಯುವುದುಂಟು. ಕನ್ನಡದಲ್ಲಿ ನಲವತ್ತು ವರ್ಷ ಪಾಠ ಹೇಳಿದ ಉಪಾಧ್ಯಾಯರು ಕೊಂಕಣಿಯಲ್ಲಿ ಮಾತ್ರ ನೀರು ಕೇಳುವ ಕಾಲ ಬರಬಹುದು. ಅಂತಹವರ ವಿಷಯದಲ್ಲಿ ಮಗಳನ್ನೋ ನೆರೆಮನೆಯವರನ್ನೋ ವಿಚಾರಿಸಿ ಬರೆದುಕೊಳ್ಳಬೇಕು.

ಮಂಗಳೂರಿನಲ್ಲಿ ಈ ಬಗೆಯಾಗಿ ವಿಚಾರಿಸಿದರೆ ಮೊದಲು ಎದ್ದು ಕಾಣುವುದು ಸ್ನಾನದ ಹೊತ್ತು. ಈ ಕರಾವಳಿಯಲ್ಲಿ ಮೈಮುರಿದು ದುಡಿದವರ ರೂಢಿ ಸಂಜೆಯ ಸ್ನಾನ. ದಿನವಿಡೀ ಬೆವರಿ, ಕತ್ತಲಾಗುವ ಹೊತ್ತಿಗೆ ಹಂಡೆಯ ಬಿಸಿನೀರನ್ನು ಮೈಮೇಲೆ ಹೊಯ್ದುಕೊಂಡ ಮೇಲೆಯೇ ಅವರಿಗೆ ದಿನ ಮುಗಿದಂತೆ. ಅವರನ್ನು ಸುರಿಯುವ ಮಳೆಯ ಆಷಾಢದಲ್ಲಿ ಐದು ಗಂಟೆಗೆ ಎಬ್ಬಿಸಿ ನೀರು ಹೊಯ್ದರೆ ಕೂಗಾಡುವುದು, ಕೈ ಕೊಸರುವುದು ಸಹಜ. ಅದನ್ನೇ ‘ಸ್ನಾನಕ್ಕೆ ಹಟ ಮಾಡುತ್ತಾರೆ’ ಎಂದು ಬರೆಯುತ್ತಾರೆ. ಮರೆವಿನ ಕಾಯಿಲೆಯ ವಾಸಿಗಳ ಸ್ನಾನವನ್ನು ಕುರಿತು ಅಮೆರಿಕದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಒಬ್ಬೊಬ್ಬರ ರೂಢಿ ಮತ್ತು ಸೌಖ್ಯವನ್ನು ನೋಡಿಕೊಂಡು ಸ್ನಾನ ಮಾಡಿಸಿದಾಗ ಹೊಡೆಯುವುದು ಬಡಿಯುವುದು ಮೊದಲಾದ ಪ್ರಸಂಗಗಳು ಅರ್ಧಕ್ಕಿಂತ ಹೆಚ್ಚು ಇಳಿದವು. ಹಾಸಿಗೆಯಲ್ಲಿಯೇ ಬೆಚ್ಚನೆಯ ಒದ್ದೆ ಬಟ್ಟೆ ಹೊದಿಸಿ ಮೈ ಒರೆಸಿದವರಲ್ಲಿಯೂ ಅದೇ ಫಲ ಕಂಡಿತು.

ಊಟದ ಮಾತು ಹೇಳಿದಷ್ಟೂ ಇದೆ. ಬೆಳಗಿನ ಕುಚ್ಚಲಕ್ಕಿ ಗಂಜಿಗೆ ಚಟ್ನಿ ಉಪ್ಪಿನಕಾಯಿ ಹಚ್ಚಿ ಉಂಡು ಬೆಳೆದವರಿಗೆ ಉಪ್ಪಿಟ್ಟು ತಿಂಡಿಯೇ ಅಲ್ಲ; ಜೋಳದ ರೊಟ್ಟಿಯವರಿಗೆ ಗಂಜಿ ಕಾಯಿಲೆಯವರ ಆಹಾರ. ಇವೆರಡನ್ನೂ ದಿನದಿನವೂ ಮಾಡಿ ಬಡಿಸಲು ಯಾವ ಅಡುಗೆಮನೆಗೂ ಆಗದು. ಆದರೆ ಗಂಜಿಯ ಪಾತ್ರೆ ಒಲೆಯ ಮೇಲೆ ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಬೆಚ್ಚಗಿರಬಲ್ಲದು. ಎದ್ದಾಗ ಬಂದು ಉಣ್ಣುವುದಕ್ಕೆ ಅಷ್ಟು ಸಾಕು. ರಾತ್ರಿಯ ಮಾತೂ ಹಾಗೆಯೇ. ಮನೆಗೆಲಸ ಮುಗಿಸಿ ಹನ್ನೊಂದರವರೆಗೆ ಬೀಡಿ ಕಟ್ಟುತ್ತಿದ್ದ ಹೆಂಗಸಿಗೆ, ಮೇಳದ ಹಿಂದೆ ಬೆಳಗಿನವರೆಗೆ ಯಕ್ಷಗಾನ ನೋಡುತ್ತ ತಿರುಗಿದ ಗಂಡಸಿಗೆ ಎಂಟೂವರೆಗೆ ನಿದ್ದೆ ಬರುವುದಾದರೂ ಹೇಗೆ? ನಿದ್ದೆಯ ಗುಳಿಗೆ ಕೊಟ್ಟರೆ ಬರುತ್ತದೆ. ಆ ಗುಳಿಗೆಯ ಅಮಲಿನಲ್ಲಿಯೇ ನಡುರಾತ್ರಿ ಮೂತ್ರಕ್ಕೆದ್ದು ಬೀಳುತ್ತಾರೆ. ಪಡಸಾಲೆಯ ಒಂದು ಮೂಲೆಯಲ್ಲಿ ಹನ್ನೊಂದರವರೆಗೆ ಒಂದು ದೀಪ, ಸಣ್ಣ ಸ್ವರದಲ್ಲಿ ಒಂದು ರೇಡಿಯೋ ಇದ್ದರೆ ಗುಳಿಗೆಯ ಖರ್ಚು ಉಳಿಯುತ್ತದೆ.

ಎಲ್ಲವನ್ನೂ ಸಡಿಲಿಸಬಹುದೆಂದು ನಾನು ಹೇಳುತ್ತಿಲ್ಲ. ಇನ್ಸುಲಿನ್ನಿಗೂ ಊಟಕ್ಕೂ ಇರುವ ನಂಟನ್ನು ಕಡಿಯಕೂಡದು. ಪಾರ್ಕಿನ್ಸನ್ ಕಾಯಿಲೆಯವರಿಗೆ ಲೆವೊಡೋಪಾ ಗುಳಿಗೆಯ ಹೊತ್ತು ತಪ್ಪಿದರೆ ಮೈ ಬಿಗಿದುಕೊಂಡು ಎದ್ದು ಕೂಡುವುದೂ ಕಷ್ಟ. ಥೈರಾಯಿಡ್ ಗುಳಿಗೆ ಬರಿಹೊಟ್ಟೆಯಲ್ಲಿಯೇ ಆಗಬೇಕು. ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವುದನ್ನು ಮುಂದೂಡುವಂತಿಲ್ಲ. ವೈದ್ಯರು ಹಾಕಿದ ಇಂತಹ ಗೂಟಗಳನ್ನು ಮೊದಲು ನೆಟ್ಟು, ಅವುಗಳ ನಡುವೆ ಉಳಿದ ಬಯಲನ್ನು ವಾಸಿಗಳಿಗೆ ಬಿಡುವುದು ಕ್ರಮ. ಗೂಟಗಳು ನಾವು ಎಣಿಸಿದ್ದಕ್ಕಿಂತ ಕಡಮೆ ಇರುತ್ತವೆ.

ನಲವತ್ತು ಮಂದಿಗೆ ನಲವತ್ತು ವೇಳಾಪಟ್ಟಿಯೇ ಎಂದು ವ್ಯವಸ್ಥಾಪಕರು ಕೇಳುವುದು ನ್ಯಾಯವಾದದ್ದೇ. ಬರೆದು ನೋಡಿದರೆ ಏಳುವ ಹೊತ್ತಿನಲ್ಲಿ ಮೂರು ಗುಂಪು, ಸ್ನಾನದಲ್ಲಿ ಎರಡು, ಮಲಗುವುದರಲ್ಲಿ ಎರಡು ಆಗುತ್ತವೆ. ಯಾವ ಗುಂಪಿಗೂ ಸೇರದ ದೊಡ್ಡವ್ವನಂತಹವರು ನಾಲ್ಕೈದು ಮಂದಿ ಉಳಿದಾರು. ಅರ್ಧದಷ್ಟು ಮಂದಿ ಸಂಜೆಯ ಸ್ನಾನವನ್ನು ಬಯಸಿದರೆ ಬೆಳಗಿನ ನೂಕುನುಗ್ಗಲು ತಾನಾಗಿಯೇ ಇಳಿಯುತ್ತದೆ. ಆದರೆ ಸಂಜೆಯ ಪಾಳಿಗೆ ಒಬ್ಬ ಪರಿಚಾರಿಕೆ ಹೆಚ್ಚು ಬೇಕಾಗುವುದು ನಿಜ. ಅದಕ್ಕೆ ಹಣ ಬೇಕಾಗುವುದೂ ನಿಜ. ಕಾನೂನಿನಿಂದ ಇದಕ್ಕೆ ಹೆಚ್ಚಿನ ನೆರವು ನಿರೀಕ್ಷಿಸುವಂತಿಲ್ಲ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯನ್ನು ಕುರಿತ 2007ರ ಅಧಿನಿಯಮದ 19ನೆಯ ಪ್ರಕರಣವು ಜಿಲ್ಲೆಗೊಂದರಂತೆ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಸ್ಥಳವಿರುವ ಆಶ್ರಮಗಳನ್ನು ಸ್ಥಾಪಿಸಬಹುದೆಂದು ಹೇಳಿ, ಅಲ್ಲಿನ ವೈದ್ಯಕೀಯ ಆರೈಕೆ ಮತ್ತು ಮನೋರಂಜನೆಗಳಿಗೆ ಬೇಕಾದ ಸೇವೆಗಳ ಮಟ್ಟವನ್ನು ನಿಗದಿಪಡಿಸುವ ಅಧಿಕಾರವನ್ನು ರಾಜ್ಯ ಸರಕಾರಕ್ಕೆ ಕೊಟ್ಟಿದೆ. ಔಷಧ ಮತ್ತು ದೂರದರ್ಶನಗಳ ನಡುವೆ ಇರುವ ಇಡೀ ದಿನದ ಮಾತು ಆ ವಾಕ್ಯದಲ್ಲಿಲ್ಲ.

ಇದೆಲ್ಲ ಬರಿಯ ಸೌಖ್ಯದ ಪ್ರಶ್ನೆಯೆಂದು ತೋರಬಹುದು. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಶುಶ್ರೂಷಾಗೃಹವೊಂದರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಅಂತಸ್ತಿನವರಿಗೆ ಕೋಣೆಯ ಜೋಡಣೆ, ಸಿನೆಮಾ ನೋಡುವ ರಾತ್ರಿ ಮೊದಲಾದುವನ್ನು ತಾವೇ ನಿರ್ಧರಿಸಬೇಕೆಂದು ಹೇಳಿ, ತಾವೇ ನೀರೆರೆದು ಸಾಕಲು ಒಂದೊಂದು ಗಿಡ ಕೊಟ್ಟರು. ಇನ್ನೊಂದು ಅಂತಸ್ತಿನವರಿಗೆ ಎಲ್ಲವನ್ನೂ ಸಿಬ್ಬಂದಿಯೇ ನೋಡಿಕೊಳ್ಳುವುದೆಂದು ಹೇಳಿ, ಗಿಡಕ್ಕೂ ದಾದಿಯರೇ ನೀರೆರೆದರು. ಮೂರು ವಾರಗಳಲ್ಲಿ ಮೊದಲನೆಯವರು ಹೆಚ್ಚು ಚುರುಕಾದರು. ಹದಿನೆಂಟು ತಿಂಗಳ ಬಳಿಕ ಅವರಲ್ಲಿ ನೂರಕ್ಕೆ 15 ಮಂದಿ, ಎರಡನೆಯವರಲ್ಲಿ ನೂರಕ್ಕೆ 30 ಮಂದಿ ತೀರಿಕೊಂಡಿದ್ದರು. ಒಟ್ಟು ಸಂಖ್ಯೆ ನೂರಕ್ಕೂ ಕಡಮೆ. ಲೆಕ್ಕಾಚಾರದಲ್ಲಿದ್ದ ದೋಷವೊಂದನ್ನು ಅನಂತರ ತಿದ್ದಿದ ಮೇಲೆ ಮರಣಗಳ ಅಂತರ ಮೊದಲು ಎಣಿಸಿದ್ದಷ್ಟು ದೃಢವಾಗಿ ಉಳಿಯಲಿಲ್ಲ. ಆದುದರಿಂದ ಆಯ್ಕೆ ಆಯುಸ್ಸನ್ನು ಬೆಳೆಸುತ್ತದೆಯೆಂದು ಸಾರಲು ನಾನು ಸಿದ್ಧನಿಲ್ಲ. ತಟ್ಟೆ ಖಾಲಿಯಾಗುತ್ತದೆಂಬುದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ.

ಇನ್ನು ದಾನಿಗಳ ವಿಷಯ. ಈ ಸಂಚಿಕೆಯ ವಾಚಕರಲ್ಲಿ ಅನೇಕರು ಉದಾರಿಗಳಾದುದರಿಂದ ಅವರ ಕ್ಷಮೆ ಕೋರಿಯೇ ಬರೆಯುತ್ತೇನೆ. ಹುಟ್ಟುಹಬ್ಬದಂದು, ಹಿರಿಯರ ತಿಥಿಯಂದು ವೃದ್ಧಾಶ್ರಮದಲ್ಲಿ ಒಂದು ಹೊತ್ತಿನ ಊಟ ಹಾಕಿಸುವ ಪದ್ಧತಿ ನಮ್ಮ ನಗರದಲ್ಲಿ ಬಲವಾಗಿ ಬೇರೂರಿದೆ. ಹನ್ನೆರಡಕ್ಕೆ ಉಣ್ಣುವವರನ್ನು ದಾನಿಗಳ ಪರಿವಾರ ಬರುವವರೆಗೆ, ಅಂದರೆ ಒಂದೂವರೆಯವರೆಗೆ, ಎಲೆಯ ಮುಂದೆ ಕೂಡಿಸುತ್ತಾರೆ. ನಾಲ್ಕು ಮಾತು, ಒಂದು ಹಾಡು, ಛಾಯಾಚಿತ್ರ; ಆಮೇಲೆ ಪಾಯಸ, ಹೋಳಿಗೆ. ಸಕ್ಕರೆ ಕಾಯಿಲೆಯವರು ಬೇಡವೆಂದರೆ ‘ಒಂದು ದಿನ ಏನಾಗುತ್ತದೆ’ ಎನ್ನುತ್ತೇವೆ. ಅಂತಹ ಒಂದು ದಿನ ತಿಂಗಳಿಗೆ ಎಂಟು ಸಲ ಬರುತ್ತದೆ. ತಾಯಿಯ ಪುಣ್ಯತಿಥಿಗೆ ನಾನೂ ಹೀಗೆಯೇ ಬುತ್ತಿ ಹೊತ್ತು ತಡವಾಗಿ ಹೋದವನು. ಹಸಿದ ಮುದುಕರೊಬ್ಬರು ಕೈಮುಗಿದು ನನಗೆ ವಂದಿಸಿದಾಗಲೂ ನನಗೆ ಹೊಳೆಯಲಿಲ್ಲ. ಆಗಸ್ಟ್ 15, ಅಕ್ಟೋಬರ್ 2, ಕ್ರಿಸ್ಮಸ್ ಬಂದಾಗ ಊಟ ಹಾಕುವವರು ಸಾಲುಗಟ್ಟುತ್ತಾರೆ. ಜೂನ್ ಜುಲೈ ತಿಂಗಳ ಮಳೆಯಲ್ಲಿ ಬಟ್ಟೆ ಒಣಗದೆ, ಅಂಗಳಕ್ಕಿಳಿಯಲಾಗದೆ ವೃದ್ಧರು ಕುಳಿತಿರುವಾಗ ಬಾಗಿಲಲ್ಲಿ ಯಾರೂ ಇರುವುದಿಲ್ಲ. ಅದೇ ಹಣ ಸಂಜೆಯ ಪಾಳಿಯ ಪರಿಚಾರಿಕೆಯ ಸಂಬಳಕ್ಕೆ, ನೀರು ಕಾಯಿಸುವ ಇನ್ನೊಂದು ಗೀಸರಿಗೆ, ಬಟ್ಟೆ ಒಣಗಿಸುವ ಯಂತ್ರಕ್ಕೆ ಹೋದರೆ ಫಲಕದಲ್ಲಿ ಹೆಸರು ಬರೆಸುವುದು ಸ್ವಲ್ಪ ಕಷ್ಟ. ಊಟವೇ ಹಾಕಬೇಕೆನಿಸಿದರೆ ಮುಂಚಿತವಾಗಿ ಆಶ್ರಮದವರನ್ನು ಕೇಳಿ, ಅವರ ಹೊತ್ತಿಗೆ ಹೋಗಿ, ಅವರ ಪಂಕ್ತಿಯಲ್ಲಿ ಕುಳಿತು ಅವರು ದಿನವೂ ಉಣ್ಣುವುದನ್ನೇ ಉಂಡು ಬರಬಹುದು.

ಶಾಲಾ ಮಕ್ಕಳನ್ನು ವೃದ್ಧಾಶ್ರಮಕ್ಕೆ ಕರೆದೊಯ್ಯುವ ಉಪಾಧ್ಯಾಯರೂ ಒಂದು ಸಂಗತಿಯನ್ನು ತಿಳಿದಿರಬೇಕು. ರಿಚರ್ಡ್ ಶುಲ್ಜ್ ಎಂಬವರು 1976ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಸುಮಾರು 40 ಮಂದಿ ವೃದ್ಧರ ಪೈಕಿ ಕೆಲವರನ್ನು ಎರಡು ತಿಂಗಳು ಭೇಟಿ ಮಾಡುತ್ತ ಬಂದರು. ಕೆಲವರಿಗೆ ಭೇಟಿಯ ದಿನವನ್ನೂ ಅವಧಿಯನ್ನೂ ತಾವೇ ಗೊತ್ತುಮಾಡುವ ಅವಕಾಶವಿತ್ತು. ಕೆಲವರಿಗೆ ಯಾವಾಗ ಬರುತ್ತಾರೆಂದು ಮುಂಚಿತವಾಗಿ ತಿಳಿಯುತ್ತಿತ್ತು. ಇನ್ನು ಕೆಲವರ ಬಳಿಗೆ ಹೇಳದೆ ಕೇಳದೆ ಹೋಗುತ್ತಿದ್ದರು. ಮೊದಲ ಎರಡು ಗುಂಪಿನವರ ಆರೋಗ್ಯವೂ ಉತ್ಸಾಹವೂ ಸ್ಪಷ್ಟವಾಗಿ ಏರಿದವು. ಪ್ರಯೋಗ ಮುಗಿಯಿತು, ಭೇಟಿಗಳು ನಿಂತವು. ಶುಲ್ಜ್ ಮತ್ತು ಹನೂಸಾ 1978ರಲ್ಲಿ ವರದಿ ಮಾಡಿದಂತೆ, ಅನಂತರದ ವರ್ಷಗಳಲ್ಲಿ ಇಳಿದುಹೋದವರು ಆ ಎರಡು ಗುಂಪಿನವರೇ; ಯಾರೂ ಭೇಟಿಮಾಡದಿದ್ದವರು ಇದ್ದಂತೆಯೇ ಇದ್ದರು. ಕೊಟ್ಟು ಕಸಿದುಕೊಂಡದ್ದು ಕೊಡದೆ ಇದ್ದುದಕ್ಕಿಂತ ಹೆಚ್ಚು ನೋಯಿಸಿತು.

ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಎಂಬತ್ತು ಮಕ್ಕಳನ್ನು ತುಂಬಿಕೊಂಡು ಹೋಗಿ ನೃತ್ಯಮಾಡಿಸಿ ಬರುವುದಕ್ಕಿಂತ, ಎಂಟು ಮಕ್ಕಳು ಇಬ್ಬಿಬ್ಬರಾಗಿ ನಾಲ್ವರು ವೃದ್ಧರಲ್ಲಿಗೆ ಹೋಗುವುದು ಮೇಲು. ವಾರದ ಯಾವ ದಿನ, ಎಷ್ಟು ಹೊತ್ತು ಎಂಬುದನ್ನು ಆ ವೃದ್ಧರೇ ಹೇಳಲಿ. ಪರೀಕ್ಷೆಯ ತಿಂಗಳಲ್ಲಿ ಬರಲಾಗದೆಂಬುದನ್ನು ಮೊದಲೇ ತಿಳಿಸಬೇಕು; ಬೇಸಿಗೆ ರಜೆಯಲ್ಲಿ ವಾರಕ್ಕೊಂದು ಕಾರ್ಡು ಬರೆಯಬಹುದು. ಹತ್ತನೆಯ ತರಗತಿಯವರು ಶಾಲೆ ಬಿಟ್ಟು ಹೋಗುವ ಮೊದಲು, ಜನವರಿಯಿಂದಲೇ ಎಂಟನೆಯವರನ್ನು ಜೊತೆಗೆ ಕರೆದೊಯ್ದು, ‘ಇನ್ನು ಮುಂದೆ ಇವರು ಬರುತ್ತಾರೆ ಅಜ್ಜಿ’ ಎಂದು ಪರಿಚಯಿಸಿಕೊಡತಕ್ಕದ್ದು.